ಗುಬ್ಬಿ ಸತ್ತ ತಾರೀಖು

ಹಲ್ಲಕ್ಕ ಮಾಡಿಕೊಟ್ಟ ಹಲ್ಲುಗಳಿಂದ ನಗುವವರು ಆ ಊರಿನಲ್ಲಿ ಬೇಕಾದಷ್ಟು ಜನ. ಹಲ್ಲಕ್ಕನ ಮುಖ ನೋಡಿದವರು ಮಾತ್ರ ಕಡಿಮೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಕೋಣೆ ಡಾಕ್ಟರದು. ಅಲ್ಲಿ ಎ.ಸಿ., ಮೆತ್ತನೆಯ ಸೋಫಾ, ಬಣ್ಣದ ಮೀನುಗಳ ತೊಟ್ಟಿ. ಹಿಂದಿನ ಕೋಣೆ ಹಲ್ಲಕ್ಕನದು. ಅಲ್ಲಿ ಒಂದು ಕಿಟಕಿ, ಬಿಳಿ ಕಲೆ ಹೋಗದ ಒಂದು ಸಿಂಕು, ಮೇಣ ಕರಗಿಸುವ ಸಣ್ಣ ಒಲೆ, ಕಪಾಟಿನ ತುಂಬ ಊರ ಜನರ ಪ್ಲಾಸ್ಟರ್ ದವಡೆಗಳು. ಯಾರ ಬಾಯಿ ಎಂಥದು ಎಂಬುದು ಆಕೆಗೆ ಅವರ ಹೆಂಡತಿ ಮಕ್ಕಳಿಗಿಂತ ಚೆನ್ನಾಗಿ ಗೊತ್ತಿತ್ತು. ಹಾಗಂತ ಬಾಯಿಬಿಟ್ಟು ಯಾರಿಗೂ ಹೇಳಿದವಳಲ್ಲ.

ಹಲ್ಲಿನ ಸೆಟ್ಟು ಒಂದೇ ಏಟಿಗೆ ಆಗುವುದಿಲ್ಲ. ಮೊದಲು ಬಾಯಿಯ ಅಚ್ಚು, ಆಮೇಲೆ ಅದರ ಮೇಲೆ ಮೇಣ, ಮೇಣದಲ್ಲಿ ಹಲ್ಲುಗಳ ಜೋಡಣೆ. ಅದನ್ನು ಬಾಯಿಗಿಟ್ಟು ಕಚ್ಚಿಸಿ, ಮಾತಾಡಿಸಿ, ನಗಿಸಿ ನೋಡುತ್ತಾರೆ. ಸ್ವಲ್ಪ ಆಚೆ ಈಚೆ ಇದ್ದರೆ ಮೇಣ ಬಿಸಿ ಮಾಡಿ ಸರಿಸಿದರಾಯಿತು. ಎಲ್ಲ ಸರಿಯಾದ ಮೇಲೆ ಮೇಣ ತೆಗೆದು ಗಟ್ಟಿ ಗುಲಾಬಿ ವಸಡನ್ನು ಬೇಯಿಸುತ್ತಾರೆ. ಅಲ್ಲಿಗೆ ಮುಗಿಯಿತು, ಮತ್ತೆ ಹಲ್ಲು ಅಲ್ಲಾಡುವುದಿಲ್ಲ. ಜೀವಮಾನವೆಲ್ಲ ಈ ಕೆಲಸ ಮಾಡಿದ್ದರಿಂದಲೋ ಏನೋ, ಯಾವ ತಪ್ಪನ್ನಾದರೂ ಮೇಣದಲ್ಲಿರುವಾಗಲೇ ತಿದ್ದಬಹುದು ಎಂಬ ನಂಬಿಕೆ ಆಕೆಗೆ ಬೇರೂರಿತ್ತು. ಆಕೆಯ ಪಾಲಿಗೆ ಕೆಟ್ಟದ್ದಾದದ್ದು ಇದೇ ನಂಬಿಕೆಯಿಂದ.

ಆಕೆಗೆ ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ತೀರಿಕೊಂಡಿದ್ದರು. ಇದ್ದದ್ದು ಒಬ್ಬ ತಮ್ಮ. ಇದ್ದ ಎನ್ನಬೇಕೋ ಇದ್ದಾನೆ ಎನ್ನಬೇಕೋ ಆಕೆಗೆ ತಿಳಿಯದು. ಹುಟ್ಟುವಾಗ ಅಂಗೈಯಷ್ಟಿದ್ದ ಎಂದು ಮನೆಯಲ್ಲಿ ಅವನನ್ನು ಗುಬ್ಬಿ ಎಂದು ಕರೆದರು. ಆಮೇಲೆ ಆರಡಿ ಬೆಳೆದು ಬಾಗಿಲಿಗೆ ತಲೆ ಬಡಿಸಿಕೊಳ್ಳುವಂತಾದರೂ ಅವನು ಗುಬ್ಬಿಯೇ. ಅವನ ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಇನ್ನೊಂದರ ಮೇಲೆ ಅರ್ಧ ಹತ್ತಿ ಕೂತಿತ್ತು. ನಕ್ಕರೆ ಆ ಹಲ್ಲೇ ಮೊದಲು ಹೊರಗೆ ಬರುತ್ತಿತ್ತು.

ಅಪ್ಪನದು ಗಡಿಯಾರ ರಿಪೇರಿಯ ಅಂಗಡಿ. ಮಗನೂ ಅಲ್ಲೇ ಕೂರಬೇಕು ಎಂದು ಅಪ್ಪನ ಹಟ. ಗುಬ್ಬಿಗೆ ಒಂದು ಕಡೆ ಕೂರುವುದೆಂದರೆ ಆಗದು. ಒಂದು ದಿನ ಯಾರದೋ ಹಳೆಯ ಗೋಡೆ ಗಡಿಯಾರ ಅವನ ಕೈಜಾರಿ ಬಿದ್ದು ಪುಡಿಯಾಯಿತು. ಅಪ್ಪ ಕೇಳಿದಾಗ ಬೆಕ್ಕು ಬೀಳಿಸಿತು ಎಂದುಬಿಟ್ಟ. ಅಂಗಡಿಯಲ್ಲಿ ಬೆಕ್ಕೇ ಇರಲಿಲ್ಲ. ಗಡಿಯಾರ ಒಡೆದದ್ದನ್ನು ಅಪ್ಪ ನುಂಗಿಕೊಳ್ಳುತ್ತಿದ್ದರೋ ಏನೋ, ಈ ಹಸಿ ಸುಳ್ಳು ಮಾತ್ರ ಅವರ ಗಂಟಲಲ್ಲಿ ಇಳಿಯಲಿಲ್ಲ. ಗಿರಾಕಿಗಳ ಎದುರಿಗೇ ಅಂದುಬಿಟ್ಟರು.

"ಇವತ್ತಿಗೆ ನೀನು ನನ್ನ ಪಾಲಿಗೆ ಸತ್ತೆ. ಮಗ ಇದ್ದ, ಹೋದ ಅಂದ್ಕೊಳ್ತೀನಿ."

ಅದೇ ದಿನ ಹಲ್ಲಕ್ಕ ಡಾಕ್ಟರ ಬಳಿ ಕೆಲಸಕ್ಕೆ ಸೇರಿದ್ದಳು. ತಲೆಗೂದಲಲ್ಲಿ ಪ್ಲಾಸ್ಟರ್ ಪುಡಿ ಇಟ್ಟುಕೊಂಡೇ, ಮೊದಲ ದಿನದ ಸಂಭ್ರಮ ಹೇಳಲು ಅಂಗಡಿಗೆ ಓಡಿ ಬಂದವಳು ಆ ಮಾತು ಕೇಳಿ ಬಾಗಿಲಲ್ಲೇ ನಿಂತಳು. ಗುಬ್ಬಿ ಅಪ್ಪನ ಭುಜದ ಮೇಲಿಂದ ಅಕ್ಕನನ್ನೇ ನೋಡಿದ. ಅವಳು ಏನಾದರೂ ಹೇಳುತ್ತಾಳೆ ಎಂದು ಕಾದ. ಅವಳು ಹೇಳಲಿಲ್ಲ. ಅಪ್ಪನ ಸಿಟ್ಟು ಹಾಲು ಉಕ್ಕಿದ ಹಾಗೆ, ಉರಿ ತಗ್ಗಿದರೆ ತಾನೇ ಇಳಿಯುತ್ತದೆ, ಸಂಜೆ ಊಟದ ಹೊತ್ತಿಗೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಳು. ಗುಬ್ಬಿ ಅವಳ ಪಕ್ಕದಲ್ಲೇ ಹಾದು ಮೆಟ್ಟಿಲಿಳಿದು ಹೋದ. ಸಂಜೆ ಅವನ ತಟ್ಟೆ ಹಾಕಿದಂತೆಯೇ ಉಳಿಯಿತು. ಆಮೇಲೆ ಅವನ ಸುದ್ದಿ ಸುಳಿವು ಯಾವುದೂ ಬರಲಿಲ್ಲ. ಮಗನನ್ನು ಹುಡುಕುವ ಮಾತೆತ್ತಿದರೆ ಅಪ್ಪ ಊಟ ಬಿಟ್ಟು ಏಳುತ್ತಿದ್ದರು, ಅಮ್ಮ ಅಡುಗೆಮನೆಗೆ ಹೋಗಿ ಅಳುತ್ತಿದ್ದಳು. ಹೀಗೇ ಇಬ್ಬರೂ ಮುಗಿದರು. ಹಲ್ಲಕ್ಕ ಉಳಿದಳು, ತಮ್ಮನನ್ನು ಒಂದು ಸಲ ಕಂಡು ಅಂದು ಆಡದ ಮಾತನ್ನು ಆಡಬೇಕು ಎಂಬ ಒಂದೇ ಆಸೆ ಇಟ್ಟುಕೊಂಡು.

ಇನ್ನು ಮರದಣ್ಣನ ವಿಷಯ. ಇವನು ಹಲ್ಲಕ್ಕನ ದೊಡ್ಡಪ್ಪನ ಮಗ. ಮನೆಮನೆಯ ಕರೆಂಟ್ ಮೀಟರ್ ಓದಿ ನಿವೃತ್ತನಾದವನು. ಬಾಗಿಲು ತಟ್ಟುವ ಚಟ ಮಾತ್ರ ನಿವೃತ್ತಿಯಾಗಲಿಲ್ಲ. ಮಗಳು ಕೊಡಿಸಿದ ಕಂಪ್ಯೂಟರಿನಲ್ಲಿ ವಂಶವೃಕ್ಷದ ಒಂದು ಜಾಲತಾಣ ಸಿಕ್ಕಿದ್ದೇ ತಡ, ನೆಂಟರಿಷ್ಟರ ಹುಟ್ಟು ಸಾವುಗಳನ್ನು ಕೇಳಿಕೊಂಡು ಹಳೆಯ ಮೀಟರುಗಳಂತೆ ಓದತೊಡಗಿದ. ಯಾರಾದರೂ ತೀರಿಕೊಂಡರೆ ಮನೆಯವರನ್ನು ಸಮಾಧಾನ ಮಾಡುವ ಮೊದಲೇ "ಎಷ್ಟು ಗಂಟೆಗೆ ಹೋಗಿದ್ದು?" ಎಂದು ಕೇಳುವ ಧೈರ್ಯ ಅವನಿಗಿತ್ತು. ಅವನ ಮರದಲ್ಲಿ ಸಾವಿರಾರು ಜನ ಇದ್ದರು, ಅವರಲ್ಲಿ ಅರ್ಧಕ್ಕರ್ಧ ಜನರನ್ನು ಅವನು ಬೇರೆಯವರ ಮರಗಳಿಂದ ಒಂದು ಗುಂಡಿ ಒತ್ತಿ ಎತ್ತಿಕೊಂಡಿದ್ದ. ಒಂದು ಶಿಸ್ತು ಮಾತ್ರ ಬಿಡುತ್ತಿರಲಿಲ್ಲ. ಪ್ರತಿ ಹೆಸರಿನ ಕೆಳಗೆ 'ಮೂಲ' ಎಂದು ಬರೆದು, ಮಾಹಿತಿ ಯಾರಿಂದ ಬಂತು ಎಂದು ಹಾಕುತ್ತಿದ್ದ.

ಹಲ್ಲಕ್ಕನ ಫೋನಿಗೂ ಅವನೇ ಅದನ್ನು ಹಾಕಿಕೊಟ್ಟ. ಅಪ್ಪ, ಅಮ್ಮ, ತಾನು, ಗುಬ್ಬಿ ಎಂದು ನಾಲ್ಕು ಚೌಕಗಳನ್ನು ತುಂಬಿದ ಮೇಲೆ ಆಕೆ ನೋಡುತ್ತಾಳೆ, ತನ್ನ ಚೌಕದ ಹಾಗೆ ಗುಬ್ಬಿಯದೂ ಬೂದಿ ಬಣ್ಣದಲ್ಲಿತ್ತು.

"ಅಣ್ಣಾ, ಇದ್ಯಾಕೆ ಹೀಗಿದೆ?"

"ಅವನು ಸತ್ತಿದ್ದಾನೆ ಅಂತ ನೀನು ಹಾಕಿಲ್ವಲ್ಲ. ಬದುಕಿರೋರ ವಿವರ ನಿನಗೆ ಮಾತ್ರ ಕಾಣುತ್ತೆ. ಸತ್ತೋರದು ಎಲ್ರಿಗೂ ಕಾಣುತ್ತೆ. ಒಳ್ಳೇ ನಿಯಮ ಅದು, ಇಲ್ಲಾಂದ್ರೆ ಕಂಡಕಂಡೋರೆಲ್ಲ ನಮ್ಮ ವಿಷಯ ಓದ್ತಾರೆ."

"ಹಾಗಾದ್ರೆ ಬದುಕಿರೋರನ್ನ ಹುಡುಕೋದು ಹೇಗೆ?"

"ಇದು ಮರ ಕಣಮ್ಮ, ಪೊಲೀಸ್ ಸ್ಟೇಷನ್ ಅಲ್ಲ," ಎಂದು ಮರದಣ್ಣ ಮೆಟ್ಟಿಲಿಳಿದು ಹೋದ.

ಆ ಮಾತು ಆಕೆಯ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಪ್ರಪಂಚದ ಜನವೆಲ್ಲ ಬಂದು ನೋಡುವ ಜಾಗ ಅದು. ಗುಬ್ಬಿಯನ್ನು ಕಂಡವರು ಯಾರಾದರೂ ಅಲ್ಲಿಗೆ ಬರಬಹುದು, ಗುಬ್ಬಿಯೇ ಬರಬಹುದು. ಆದರೆ ಅವನು ಬದುಕಿದ್ದಾನೆ ಎಂದು ನಂಬಿದಷ್ಟು ಕಾಲವೂ ಅವನು ಯಾರ ಕಣ್ಣಿಗೂ ಬೀಳುವಂತಿಲ್ಲ. ಒಂದು ಭಾನುವಾರ ಮಧ್ಯಾಹ್ನ ಮನೆಯ ಕಿಟಕಿಯ ಬಳಿ ಕೂತು ಆಕೆ ಗಟ್ಟಿ ಮನಸ್ಸು ಮಾಡಿದಳು. ಸುಮ್ಮನೆ ಕಾಣಲಿ ಎಂದು ತಾನೇ, ಆಮೇಲೆ ತಿದ್ದಿದರಾಯಿತು ಎಂದುಕೊಂಡು 'ಮರಣ' ಎಂಬ ಜಾಗವನ್ನು ಒತ್ತಿದಳು. ಆಕೆಯ ಲೆಕ್ಕದಲ್ಲಿ ಅದಿನ್ನೂ ಮೇಣ.

ಜಾಲತಾಣ ತಾರೀಖು ಕೇಳಿತು. ಬಾಯಿಗೆ ಬಂದ ತಾರೀಖು ಹಾಕಲು ಆಕೆಗೆ ಮನಸ್ಸಾಗಲಿಲ್ಲ. ತಮ್ಮನ ವಿಷಯದಲ್ಲಿ ಇಲ್ಲದ್ದನ್ನು ಹುಟ್ಟಿಸುವುದು ಹೇಗೆ? ಅವನ ಬಗ್ಗೆ ಖಚಿತವಾಗಿ ಗೊತ್ತಿದ್ದ ಕೊನೆಯ ತಾರೀಖು ಒಂದೇ, ತಾನು ಅವನನ್ನು ಕಣ್ಣಾರೆ ಕಂಡ ಕೊನೆಯ ದಿನ, ಕೆಲಸಕ್ಕೆ ಸೇರಿದ ದಿನ. ಅದನ್ನೇ ಹಾಕಿದಳು. ಆ ಹಲ್ಲು ಕಾಣುವಂತೆ ಅವನು ನಗುತ್ತಿದ್ದ ಒಂದು ಫೋಟೋ ಹಾಕಿದಳು. ಕೆಳಗೆ ಟಿಪ್ಪಣಿಯ ಜಾಗದಲ್ಲಿ ನಿಧಾನವಾಗಿ ಬರೆದಳು: 'ಇವನು ಸತ್ತಿದ್ದಾನೆಂದು ನಾನು ನಂಬಿಲ್ಲ. ಎಲ್ಲರಿಗೂ ಕಾಣಲಿ ಎಂದು ಹೀಗೆ ಹಾಕಿದ್ದೇನೆ. ಕಂಡವರು ದಯವಿಟ್ಟು ತಿಳಿಸಿ. ಗುಬ್ಬಿ, ನೀನೇ ನೋಡಿದರೆ ಮನೆಗೆ ಬಾ. ಅಕ್ಕ.' ಚೌಕಕ್ಕೆ ಬಣ್ಣ ಬಂತು. ಎಷ್ಟೋ ವರ್ಷಗಳ ಮೇಲೆ ತಮ್ಮನಿಗಾಗಿ ಏನೋ ಮಾಡಿದೆ ಎಂಬ ಸಮಾಧಾನ ಆಕೆಗಾಯಿತು.

ಆಕೆಗೆ ಗೊತ್ತಿಲ್ಲದ್ದು ಒಂದಿತ್ತು. ಒಬ್ಬರ ಮರದಿಂದ ಇನ್ನೊಬ್ಬರು ಎತ್ತಿಕೊಂಡಾಗ ಹೆಸರು, ತಾರೀಖು, ಫೋಟೋ ಮಾತ್ರ ಹೋಗುತ್ತವೆ. ಟಿಪ್ಪಣಿ ಹೋಗುವುದಿಲ್ಲ. ಮರದಣ್ಣ ತಕ್ಷಣ ಗುಬ್ಬಿಯನ್ನು ಎತ್ತಿಕೊಂಡ. ಶಿಸ್ತಿನ ಮನುಷ್ಯ, ಕೆಳಗೆ 'ಮೂಲ: ಒಡಹುಟ್ಟಿದ ಅಕ್ಕ' ಎಂದೂ ಬರೆದ. ಅವನಿಂದ ಅವನ ಬೀಗರು ಎತ್ತಿಕೊಂಡರು, ಬೀಗರಿಂದ ಮತ್ಯಾರೋ. ಕೊನೆಗೆ ಹಲ್ಲಕ್ಕ ಮುಖವನ್ನೇ ಕಾಣದ ಜನರ ಮರಗಳಲ್ಲೂ ಗುಬ್ಬಿ ಅದೇ ದಿನ ಸತ್ತು ಕೂತಿದ್ದ. ಒಂದು ಮರದಲ್ಲಂತೂ ಸಾವಿನ ಕಾರಣವೂ ಇತ್ತು: ಅಪಘಾತ.

ಇದು ಕಣ್ಣಿಗೆ ಬಿದ್ದ ದಿನ ಆಕೆ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಮರದಣ್ಣನ ಮನೆಗೆ ಓಡಿದಳು.

"ಅಣ್ಣಾ, ಅದನ್ನ ತೆಗೆದುಬಿಡಿ. ಎಲ್ರಿಗೂ ಕಾಣಲಿ ಅಂತ ನಾನು ಹಾಕಿದ್ದು ಅಷ್ಟೇ. ಅದು ನಿಜ ಅಲ್ಲ."

"ನಿಜ ಅಲ್ಲ ಅಂದ್ರೆ? ಇಷ್ಟು ಮರದಲ್ಲಿದೆ ನೋಡು."

"ಅವರು ನಿಮ್ಮಿಂದ ತಗೊಂಡಿದ್ದು. ನೀವು ನನ್ನಿಂದ ತಗೊಂಡಿದ್ದು."

"ಅಪಘಾತ ಅಂತ ನೀನು ಬರೆದಿದ್ಯಾ?"

"ಇಲ್ಲ."

"ಮತ್ತೆ? ಅವರಿಗೆ ಬೇರೆ ಮೂಲ ಇದೆ ಅಂತ ಆಯ್ತಲ್ಲ. ನಿನಗೆ ಹೇಳೋಕೆ ಬೇಜಾರು ಕಣಮ್ಮ, ಆದ್ರೆ ನಿನಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರಬಹುದು."

ಮರದಣ್ಣ ಏನನ್ನೂ ತೆಗೆಯಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ಮನೆಗೆ ಹಿಂದಿರುಗುವ ದಾರಿಯಲ್ಲಿ ಆಕೆಗೂ ಅನುಮಾನ ಹತ್ತಿತು. ಯಾರಿಗೆ ಗೊತ್ತು, ನಿಜಕ್ಕೂ ಅವತ್ತೇ ಯಾವುದೋ ರಸ್ತೆಯಲ್ಲಿ ಗುಬ್ಬಿಗೆ ಏನಾದರೂ ಆಗಿದ್ದರೆ? ತಾನೇ ಹೊರಗೆ ಬಿಟ್ಟ ಸುಳ್ಳು ಬೇರೆ ಬಟ್ಟೆ ತೊಟ್ಟು ಮನೆಗೆ ಬಂದಾಗ ಆಕೆ ಅದಕ್ಕೆ ಬಾಗಿಲು ತೆರೆದಳು. ಆ ವಾರವೆಲ್ಲ ಅತ್ತಳು. ಮೇಣದ ಮೇಲೆ ಕಣ್ಣೀರು ಬಿದ್ದು ಒಂದು ಸೆಟ್ಟು ಕೆಟ್ಟಿತು, ಡಾಕ್ಟರು ಗೊಣಗಿದರು. ಕೊನೆಗೆ ಅಪಘಾತ ಎಂದು ಬರೆದವರಿಗೇ ಪತ್ರ ಹಾಕಿ ಕೇಳಿದಳು. ಅವರ ಉತ್ತರ ಬಂತು. 'ಆ ವಯಸ್ಸಿನ ಗಂಡಸರು ಸತ್ತರೆ ಸಾಮಾನ್ಯವಾಗಿ ಅಪಘಾತವೇ ಆಗಿರುತ್ತದೆ. ಜಾಗ ಖಾಲಿ ಬಿಡಬಾರದೆಂದು ಹಾಕಿದೆ.' ಆಕೆ ಹಲ್ಲು ಕಚ್ಚಿಕೊಂಡು ಮತ್ತೆ ಮೇಣದ ಕೆಲಸಕ್ಕೆ ಕೂತಳು. ತನ್ನ ಮರದಲ್ಲಿದ್ದುದನ್ನು ಅಳಿಸಲೂ ಮನಸ್ಸಾಗಲಿಲ್ಲ. ಅಳಿಸಿದರೆ ಆ ಟಿಪ್ಪಣಿಯೂ ಮರೆಯಾಗುತ್ತದೆ, ಗುಬ್ಬಿ ಮತ್ತೆ ಬೂದಿಯಾಗುತ್ತಾನೆ.

ಹೀಗೆ ಕೆಲವು ವರ್ಷ ಕಳೆದವು. ಒಂದು ಬೆಳಿಗ್ಗೆ ಮರದಣ್ಣ ತನಗೆ ಬಂದ ಒಂದು ಸಂದೇಶವನ್ನು ಆಕೆಗೆ ಕಳಿಸಿದ. 'ನಿಮ್ಮ ಮರದಲ್ಲಿರುವ ಇವರ ಮರಣದ ತಾರೀಖು ತಪ್ಪು. ಇವರು ನನ್ನ ತಂದೆ. ದಯವಿಟ್ಟು ಸರಿಪಡಿಸಿ.' ಹಿಂದೆಯೇ ಅವನ ಫೋನು.

"ನಂಬಬೇಡ. ಯಾರೋ ಆಸ್ತಿಗೆ ಗಾಳ ಹಾಕ್ತಿದ್ದಾರೆ."

"ಯಾವ ಆಸ್ತಿ ಅಣ್ಣಾ? ನನ್ನ ಹತ್ರ ಇರೋದು ಊರೋರ ದವಡೆ."

ಸಂದೇಶದ ಪಕ್ಕದಲ್ಲಿ ಬರೆದವಳ ಪುಟ್ಟ ಫೋಟೋ ಇತ್ತು. ಹಲ್ಲಕ್ಕ ಅದನ್ನು ಬೆರಳಿನಿಂದ ದೊಡ್ಡದು ಮಾಡಿದಳು. ಆ ಹುಡುಗಿ ನಗುತ್ತಿದ್ದಳು. ಮುಂದಿನ ಹಲ್ಲು ಪಕ್ಕದ ಹಲ್ಲಿನ ಮೇಲೆ ಅರ್ಧ ಹತ್ತಿ ಕೂತಿತ್ತು.

ತಾರೀಖು ತಪ್ಪು! ಹಾಗಾದರೆ ಗುಬ್ಬಿ ಬದುಕಿದ್ದಾನೆ. ಮಗಳಿದ್ದಾಳೆ. ಸಂಸಾರ ಮಾಡಿದ್ದಾನೆ. ಹಲ್ಲಕ್ಕ ಆ ದಿನ ಕ್ಲಿನಿಕ್ಕಿನ ಮುಂದಿನ ಕೋಣೆಗೆ ಹೋಗಿ ಮೀನಿನ ತೊಟ್ಟಿಯ ಎದುರು ಸುಮ್ಮನೆ ನಿಂತು ನಕ್ಕಳಂತೆ. ಇಷ್ಟು ವರ್ಷ ಕೆಲಸ ಮಾಡಿದರೂ ಆಕೆ ಮೀನುಗಳನ್ನು ನೋಡಲು ಬಂದದ್ದು ಅದೇ ಮೊದಲು. ಊಟದ ಬಿಡುವಿನಲ್ಲಿ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಮರದಣ್ಣನ ಮೂಲಕ ತರಿಸಿಕೊಂಡ ನಂಬರಿಗೆ ಫೋನ್ ಮಾಡಿದಳು.

"ನಾನಮ್ಮ, ನಿಮ್ಮಪ್ಪನ ಅಕ್ಕ. ನಿನಗೆ ಅತ್ತೆ ಆಗ್ಬೇಕು."

ಹುಡುಗಿ ನಿಧಾನವಾಗಿ ಕೇಳಿದಳು.

"ನೀವೇ ಅಂತ ಹೇಗೆ ನಂಬ್ಲಿ?"

"ನಿಮ್ಮಪ್ಪ ಒಂದು ಗಡಿಯಾರ ಒಡೆದಿದ್ದ. ಯಾರು ಒಡೆದ್ರು ಅಂತ ಹೇಳಿದ್ದ ಗೊತ್ತಾ?"

"ಬೆಕ್ಕು," ಎಂದಳು ಹುಡುಗಿ. "ನಮ್ಮನೇಲಿ ಏನು ಒಡೆದ್ರೂ ಬೆಕ್ಕು ಒಡೀತು ಅಂತಿದ್ರು. ನಮ್ಮನೇಲಿ ಬೆಕ್ಕೇ ಇರಲಿಲ್ಲ ಅತ್ತೆ. ಯಾಕೆ ಹಾಗಂತೀರಿ ಅಂದ್ರೆ ನಗ್ತಿದ್ರು. ಗೋಡೆ ಗಡಿಯಾರ ಮಾತ್ರ ತರೋಕೆ ಬಿಡ್ತಿರಲಿಲ್ಲ."

ಹಲ್ಲಕ್ಕ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಎಲ್ಲಿದ್ದಾನೆ? ಅವನಿಗೆ ಕೊಡು ಫೋನು."

"ಅತ್ತೆ... ನಾನು ಸರಿಯಾಗಿ ಬರೀಲಿಲ್ಲ ಅನ್ಸುತ್ತೆ. ತಾರೀಖು ತಪ್ಪು ಅಂತ ಬರೆದೆ ಅಷ್ಟೇ. ಅಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ."

ಕಪಾಟಿನ ದವಡೆಗಳೆಲ್ಲ ಬಾಯಿ ತೆರೆದುಕೊಂಡು ಕೂತಿದ್ದವು. ಹುಡುಗಿ ಹೇಳುತ್ತಲೇ ಹೋದಳು. ಅಪ್ಪ ಲಿಫ್ಟ್ ರಿಪೇರಿ ಮಾಡುತ್ತಿದ್ದರು, ದಿನವಿಡೀ ಮೇಲೆ ಕೆಳಗೆ ಓಡಾಡುವ ಕೆಲಸ. ತಮ್ಮವರ ಬಗ್ಗೆ ಕೇಳಿದರೆ ಬೆಕ್ಕಿನ ಮಾತು ಬಿಟ್ಟು ಇನ್ನೇನೂ ಹೇಳುತ್ತಿರಲಿಲ್ಲ. ಕೆಲಸದಿಂದ ನಿವೃತ್ತರಾದ ಮೇಲೆ ಒಂದು ದಿನ ತಾವಾಗಿಯೇ, ಅಕ್ಕನನ್ನು ನೋಡಬೇಕು, ಒಬ್ಬನೇ ಹೋಗಲು ಧೈರ್ಯ ಸಾಲದು, ನೀನೂ ಬಾ ಎಂದರು. ಅಕ್ಕ ಈಗ ಎಲ್ಲಿದ್ದಾಳೋ ನೋಡೋಣ ಎಂದು ಅಪ್ಪ ಮಗಳು ಪಕ್ಕಪಕ್ಕ ಕೂತು ಹುಡುಕಿದರು. ಮೊದಲು ಸಿಕ್ಕಿದ್ದೇ ಮರದಣ್ಣನ ದೊಡ್ಡ ಮರ.

"ಅಪ್ಪನ ಫೋಟೋ ಇತ್ತು, ತಾರೀಖಿತ್ತು, ಕೆಳಗೆ 'ಮೂಲ: ಒಡಹುಟ್ಟಿದ ಅಕ್ಕ' ಅಂತಿತ್ತು. ನಾನು ತಮಾಷೆ ಮಾಡಿದೆ, ನೋಡಪ್ಪಾ, ನಿನ್ನನ್ನ ಆಗಲೇ ಸಾಯಿಸಿಬಿಟ್ಟಿದ್ದಾರೆ ಅಂತ. ಅಪ್ಪ ನಗಲಿಲ್ಲ. ತುಂಬಾ ಹೊತ್ತು ಆ ತಾರೀಖನ್ನೇ ನೋಡ್ತಾ ಕೂತ್ರು. ಆಮೇಲೆ, 'ತಾರೀಖು ಸರಿಯಾಗೇ ಇದೆ, ನಮ್ಮಪ್ಪ ನನ್ನನ್ನ ಸತ್ತೆ ಅಂದ ದಿನ ಅದು' ಅಂದ್ರು. 'ಅಕ್ಕ ಏನೂ ಅನ್ನಲಿಲ್ಲ ಅವತ್ತು. ಈಗ ಅಂದಿದ್ದಾಳೆ' ಅಂತ ಎದ್ದು ಹೋದ್ರು. ಬರೆದು ಕೇಳ್ತೀನಿ ಅಂದ್ರೆ ಬೇಡ ಅಂದ್ರು. ಊರಿಗೆ ಹೋಗೋ ಮಾತು ಮತ್ತೆ ಎತ್ತಲಿಲ್ಲ. ಈಗ ನನಗೇ ತಡೀಲಾಗಲಿಲ್ಲ. ಸತ್ತ ಮೇಲಾದ್ರೂ ತಾರೀಖು ಸರಿ ಇರ್ಲಿ ಅಂತ ಬರೆದೆ."

ಅಪ್ಪ ನೀನು ಸತ್ತೆ ಎಂದ ದಿನವನ್ನೇ ಅಕ್ಕ ತಿಂಗಳು ವರ್ಷ ಸಮೇತ ಸಾವಿನ ಜಾಗದಲ್ಲಿ ಬರೆದಿಟ್ಟಿದ್ದಾಳೆ. ಅವನು ಇನ್ನೇನು ತಿಳಿದುಕೊಳ್ಳಬೇಕಿತ್ತು? ಹಲ್ಲಕ್ಕನಿಗೆ ಅದನ್ನು ಹಾಕುವಾಗ ಅಪ್ಪನ ಮಾತು ನೆನಪಿಗೇ ಬಂದಿರಲಿಲ್ಲ. ಮೆಟ್ಟಿಲಿಳಿದ ತಮ್ಮನ ಬೆನ್ನು ಮಾತ್ರ ನೆನಪಿತ್ತು.

"ಅತ್ತೆ, ಆ ತಾರೀಖು ಅಜ್ಜ ಹೇಳಿ ಹಾಕಿಸಿದ್ದಾ?" ಹುಡುಗಿ ಮೆಲ್ಲಗೆ ಕೇಳಿದಳು. ಹೌದು ಎಂದರೆ ನಂಬಲು ಅವಳು ಸಿದ್ಧಳಾಗಿಯೇ ಇದ್ದಳು. ಸತ್ತ ಅಜ್ಜ ಬಂದು ಇಲ್ಲ ಎನ್ನುವಂತಿರಲಿಲ್ಲ.

"ಇಲ್ಲಮ್ಮ. ನಾನೇ ಹಾಕಿದ್ದು. ಅವನನ್ನ ನಾನು ಕೊನೇ ಸಲ ನೋಡಿದ ದಿನ ಅದು. ಬೇರೆ ಯಾವ ದಿನಾನೂ ನನಗೆ ಗೊತ್ತಿರಲಿಲ್ಲ. ಅವನು ಎಲ್ರಿಗೂ ಕಾಣಲಿ ಅಂತ ಹಾಕಿದೆ."

"ಹಾಗಂತ ಒಂದು ಮಾತು ಅಲ್ಲಿ ಬರೆದಿದ್ರೆ ಸಾಕಿತ್ತಲ್ಲ ಅತ್ತೆ."

"ಬರೆದಿದ್ದೆ," ಎಂದಳು ಹಲ್ಲಕ್ಕ.

ಆ ಹುಡುಗಿ ನಂಬಿದಳೋ ಇಲ್ಲವೋ. ಒಳ್ಳೆಯ ಮನಸ್ಸಿನವಳು, ಮತ್ತೆ ಫೋನ್ ಮಾಡುತ್ತೇನೆ ಎಂದಳು. ಆಮೇಲೆ ಒಂದೆರಡು ಸಲ ಮಾಡಿದಳು ಕೂಡ. ಮಾತು ಹವಾಮಾನದ ಕಡೆಗೆ, ಆರೋಗ್ಯದ ಕಡೆಗೆ ಹೊರಳಿ ನಿಂತುಬಿಡುತ್ತಿತ್ತು. ನಡುವೆ ಅವನು ಇದ್ದಿದ್ದರೆ ಅವರಿಬ್ಬರೂ ಸೋದರತ್ತೆ, ಸೋದರಸೊಸೆ. ಅವನಿಲ್ಲದೆ ಇಬ್ಬರು ಅಪರಿಚಿತರು.

ಹಲ್ಲಕ್ಕ ತನ್ನ ಮರದಲ್ಲಿ ತಾರೀಖು ತಿದ್ದಿದಳು. ಕೂಡಲೇ ಜಾಲತಾಣ ಕೇಳಿತು: 'ಬೇರೆ ಹಲವು ಮರಗಳಲ್ಲಿ ಈ ವ್ಯಕ್ತಿಯ ಮರಣದ ತಾರೀಖು ಭಿನ್ನವಾಗಿದೆ. ನಿಮ್ಮ ತಪ್ಪನ್ನು ಸರಿಪಡಿಸಿಕೊಳ್ಳುವಿರಾ?' ಆಕೆ ಬೇಡ ಎಂಬುದನ್ನು ಒತ್ತಿದಳು. ತೆರೆದಾಗಲೆಲ್ಲ ಅದು ಅದನ್ನೇ ಕೇಳುತ್ತದೆ. ಅಷ್ಟೂ ಮರಗಳವರಿಗೆ ಕೈಮುಗಿದು ಬರೆದಳು. ಕೆಲವರು ತಿದ್ದಿದರು, ಹೆಚ್ಚಿನವರು ಕಿವಿಗೇ ಹಾಕಿಕೊಳ್ಳಲಿಲ್ಲ. ಅಪಘಾತದವರು ಮಾತ್ರ ತಾರೀಖು ಬದಲಿಸಿ, ಅಪಘಾತವನ್ನು ಹಾಗೇ ಉಳಿಸಿಕೊಂಡರು.

ಕೊನೆಗೆ ಮರದಣ್ಣನೇ ಒಂದು ಸಂಜೆ ಕ್ಲಿನಿಕ್ಕಿಗೆ ಬಂದ. ಹುಡುಗಿ ಕಳಿಸಿದ ಮರಣ ಪ್ರಮಾಣಪತ್ರವನ್ನು ಓದಿ ನೋಡಿದ್ದ. ಅವನ ಮುಖ ಸಣ್ಣದಾಗಿತ್ತು. ಪ್ಲಾಸ್ಟರ್ ಧೂಳು ಹತ್ತಿದ ಸ್ಟೂಲಿನ ತುದಿಯಲ್ಲಿ ಕೂತು ಕನ್ನಡಕ ಒರೆಸಿಕೊಂಡ.

"ಹೊಸ ತಾರೀಖು ಹಾಕಿದೀನಮ್ಮ. ಮೂಲ ಅಂತ ಮಗಳ ಹೆಸರು ಬರೆದೆ."

"ಒಳ್ಳೇದಾಯ್ತು ಅಣ್ಣಾ. ಆ ಹಳೇದು ತೆಗೆದ್ರಾ? ಅಕ್ಕ ಅಂತ ಬರೆದಿದ್ದು?"

ಮರದಣ್ಣ ಕಪಾಟಿನ ಕಡೆ ನೋಡಿದ.

"ತೆಗೆಯೋಕೆ ಬರಲ್ಲ ಕಣಮ್ಮ. ನೂರು ಸಲ ನೋಡಿದೆ. ಒಂದು ಸಲ ಹಾಕಿದ ಮೂಲ ಅದರ ತಾರೀಖಿನ ಸಮೇತ ಹಾಗೇ ಇರುತ್ತೆ. ಅದರ ಕೆಳಗೆ ಇನ್ನೊಂದು ಸೇರಿಸಬಹುದು ಅಷ್ಟೇ."

ಹಲ್ಲಕ್ಕ ಕೆಲಸಕ್ಕೆ ತಿರುಗಿದಳು. ಎದುರಿಗಿದ್ದ ಸೆಟ್ಟಿನಲ್ಲಿ ಒಂದು ಹಲ್ಲು ಓರೆಯಾಗಿತ್ತು, ಮೇಣ ಬಿಸಿ ಮಾಡಿ ಅದನ್ನು ಸರಿಸಿದಳು. ಈಗ ಆ ಮರದಲ್ಲಿ ಗುಬ್ಬಿಗೆ ಎರಡು ಸಾವು. ಮಗಳು ಹೇಳಿದ್ದು ಕೆಳಗಿದೆ. ಮೊದಲು ಕಾಣುವುದು ಅಕ್ಕ ಹೇಳಿದ್ದು.